ಬೆಕ್ಕು ಬೇಕು, ಸೀನು ಬೇಡ

ಗೌರಿ-ಗಣೇಶ ಹಬ್ಬ ಮುಗಿಸಿ ಊರಿಂದ ಬಂದ ಮಂಡ್ಯ ಕಡೆಯವರನ್ನು ಮರುದಿನ ಆಫೀಸಿನಲ್ಲಿ ಒಮ್ಮೆ ಗಮನಿಸಿ. ಕಣ್ಣು ಕೆಂಪು, ಮೂಗು ಕಟ್ಟಿದೆ, ಮೀಟಿಂಗ್‌ನಲ್ಲಿ ಬೆರಳು ಮ್ಯೂಟ್ ಬಟನ್ ಮೇಲೇ. ಕೇಳಿದ್ರೆ "ಊರಿನ ನೀರು ಒಗ್ಗಲಿಲ್ಲ ಕಣೋ" ಅಂತಾರೆ. ಹುಟ್ಟಿದಾಗಿನಿಂದ ಹದಿನೆಂಟು ವರ್ಷ ಕುಡಿದ ನೀರು ಈಗ ಒಗ್ಗಲ್ಲವಂತೆ! ನಾನು ಕೇಳೋದು ಒಂದೇ ಪ್ರಶ್ನೆ: ಮನೇಲಿ ಕೊತ್ತಿ ಇದೆಯಾ?

ಇದ್ದೇ ಇರುತ್ತೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಭತ್ತ, ಕಬ್ಬು. ನಾಗಮಂಗಲದ ಕಡೆ ರಾಗಿ, ಹುರುಳಿ. ಕೆ.ಆರ್.ಪೇಟೆಯಲ್ಲಿ ಅಟ್ಟದ ತುಂಬ ತೆಂಗಿನಕಾಯಿ. ಬೆಳೆ ಯಾವುದಾದರೇನು, ಮೂಟೆ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಕೊತ್ತಿ. ನಮ್ಮ ಕಡೆ ಅದನ್ನು 'ಸಾಕ್ತೀವಿ' ಅಂತ ಯಾರೂ ಹೇಳಲ್ಲ. ಅದು ಇರುತ್ತೆ, ಅಷ್ಟೆ. ಹಾಲು ಕರೆಯೋ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲಿ ಹಾಜರಾಗುತ್ತೆ, ರಾತ್ರಿ ನಮ್ಮ ಕಾಲ ಹತ್ತಿರ ಬಂದು ಮಲಗುತ್ತೆ. ಪಿಯುಸಿವರೆಗೆ ನಾನೂ ಹಾಗೇ ಅದರ ಜೊತೆ ಒಂದೇ ಚಾಪೆ ಮೇಲೆ ಮಲಗಿದವನು. ಒಂದು ಸೀನು ಬಂದಿರಲಿಲ್ಲ. ಇಂಜಿನಿಯರಿಂಗ್, ಹಾಸ್ಟೆಲ್, ಬೆಂಗಳೂರು, ಪಿಜಿ ಎಲ್ಲ ಮುಗಿದ ಮೇಲೆ ಶುರುವಾಯ್ತು.

ಇದು ನನ್ನೊಬ್ಬನ ಕಥೆ ಅಲ್ಲ. ಅಮೆರಿಕದ ಅಲರ್ಜಿ ಡಾಕ್ಟರುಗಳು ಇದನ್ನು 'ಥ್ಯಾಂಕ್ಸ್‌ಗಿವಿಂಗ್ ಎಫೆಕ್ಟ್' ಅಂತಾರೆ. ನವೆಂಬರ್‌ನಲ್ಲಿ ಆ ಹಬ್ಬಕ್ಕೆ ಕಾಲೇಜಿನಿಂದ ಮನೆಗೆ ಬಂದ ಹುಡುಗರು, ಚಿಕ್ಕಂದಿನಿಂದ ಜೊತೆಗಿದ್ದ ಬೆಕ್ಕಿಗೇ ಸೀನಲು ಶುರು ಮಾಡ್ತಾರೆ. ದಿನವೂ ಜೊತೆಗಿದ್ದಾಗ ದೇಹ ಒಂದು ಮಟ್ಟಿಗೆ ಸಹಿಸಿಕೊಂಡಿರುತ್ತೆ. ಕೆಲವು ತಿಂಗಳು ದೂರವಿದ್ದರೆ ಕೆಲವರಲ್ಲಿ ಆ ಸಹನೆ ಕಡಿಮೆಯಾಗುತ್ತೆ. ನಮ್ಮಲ್ಲಿ ಅದನ್ನು 'ಗೌರಿ ಹಬ್ಬದ ಸೀನು' ಅನ್ನಬಹುದು.

ಕಾರಣ ಕೂದಲು ಅಂತ ಎಲ್ಲರೂ ನಂಬಿದ್ದಾರೆ. ಕೂದಲಲ್ಲ. ಬಹುಪಾಲು ಜನರಿಗೆ ತೊಂದರೆ ಕೊಡೋದು 'ಫೆಲ್ ಡಿ 1' ಅನ್ನೋ ಪ್ರೋಟೀನ್. ಅದು ಬೆಕ್ಕಿನ ಎಂಜಲಲ್ಲಿ, ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಹುಟ್ಟುತ್ತೆ. ಬೆಕ್ಕು ಮೈ ನೆಕ್ಕಿಕೊಳ್ಳುತ್ತೆ, ಎಂಜಲು ಒಣಗುತ್ತೆ, ಸಣ್ಣ ಹೊಟ್ಟಿನ ಜೊತೆ ಗಾಳಿಗೆ ಏಳುತ್ತೆ. ಆ ಕಣಗಳು ಎಷ್ಟು ಹಗುರ ಅಂದ್ರೆ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲ್ತಾ ಇರುತ್ತವೆ. ಬಟ್ಟೆಗೆ ಅಂಟಿಕೊಂಡು, ಬೆಕ್ಕೇ ಇಲ್ಲದ ಶಾಲೆ, ಆಫೀಸುಗಳಿಗೂ ಬರುತ್ತವೆ. ಹಾಗಾಗಿ ಕೂದಲು ಕಡಿಮೆ ಇರುವ ಜಾತಿ ತಂದರೆ ಅಲರ್ಜಿ ಬರಲ್ಲ ಅಂತ ದುಡ್ಡು ಸುರಿಯಬೇಡಿ. ಫೆಲ್ ಡಿ 1 ಪೂರ್ತಿ ಇಲ್ಲದ ತಳಿ ಯಾವುದೂ ಇಲ್ಲ.

ಇನ್ನೊಂದು ವಿಷಯ, ಮನೆ. ಹಂಚಿನ ಮನೆ, ಸಿಮೆಂಟು ನೆಲ, ಬೆಳಗಿನಿಂದ ಸಂಜೆವರೆಗೆ ಮುಂಬಾಗಿಲು ಹಿತ್ತಿಲ ಬಾಗಿಲು ಎರಡೂ ತೆರೆದಿರುತ್ತೆ. ಹಂಚಿನ ಸಂದಿಯಿಂದಲೂ ಗಾಳಿ ಓಡಾಡುತ್ತೆ. ಈಗ ನಮ್ಮ ತಲೆಮಾರಿನವರು ಸಾಲ ಮಾಡಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ಸೊಳ್ಳೆಗೆ ಮೆಶ್, ಕಿಟಕಿಗೆ ದಪ್ಪ ಪರದೆ, ಹಾಲ್‌ನಲ್ಲಿ ಬಟ್ಟೆ ಸೋಫಾ. ಸೋಫಾ, ಪರದೆ, ಹಾಸಿಗೆ ಈ ಮೂರೂ ಫೆಲ್ ಡಿ 1 ಗೋದಾಮು. ಕೊತ್ತಿ ಅದೇ, ಗಾಳಿ ಬದಲಾಯ್ತು. ಬೆಂಗಳೂರಿನ ಟೂ ಬಿಎಚ್‌ಕೆ ಫ್ಲ್ಯಾಟಿನಲ್ಲಿ ಬೆಕ್ಕು ಸಾಕಿರುವ ಸ್ನೇಹಿತರಿಗೂ ಇದೇ ಲೆಕ್ಕ.

ಹೋದ ವರ್ಷ ಅಮ್ಮ ಫೋನಿನಲ್ಲಿ ಅಂದರು, "ನೀನು ಬಂದಾಗೆಲ್ಲ ಹಿಂಗೆ ಸೀನ್ಕಂಡು ಕೂತ್ರೆ ನಂಗ್ ನೋಡಕಾಗಲ್ಲ ಮಗ. ಕೊತ್ತಿನ ನಾಲೆ ಆಚ್ಗೆ ಬುಟ್ಟು ಬರಕ್ಕೆ ಹೇಳ್ತೀನಿ." ಅಪ್ಪ ಇಲ್ಲ. ಆ ಮನೆಯಲ್ಲಿ ರಾತ್ರಿ ಅಮ್ಮನ ಜೊತೆ ಉಸಿರಾಡುವ ಜೀವ ಅಂತ ಇರೋದು ಅದೊಂದೇ. ಸೀರಿಯಲ್ ನೋಡುವಾಗ ಅದು ಅವರ ಸೀರೆ ಸೆರಗಿನ ಮೇಲೇ ಮಲಗಿರುತ್ತೆ. ಮಗ ತಿಂಗಳಿಗೊಮ್ಮೆ ಎರಡು ದಿನ ಬರ್ತಾನೆ ಅಂತ, ಉಳಿದ ಇಪ್ಪತ್ತೆಂಟು ದಿನದ ಜೊತೆಯನ್ನು ಬಿಟ್ಟುಕೊಡಲು ತಯಾರಾಗಿದ್ದರು. ಬೇಡ ಅಂದೆ. ಪ್ರೀತಿಗೆ ಮಾತ್ರ ಅಂದದ್ದಲ್ಲ, ಲೆಕ್ಕವೂ ಕೂಡಲ್ಲ. ಬೆಕ್ಕನ್ನು ಹೊರಗೆ ಕಳಿಸಿದ ಮೇಲೂ ಮನೆಯೊಳಗಿನ ಫೆಲ್ ಡಿ 1 ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ತಿಂಗಳು ಬೇಕಾಗಬಹುದು. ಇವತ್ತು ಗೋಣಿಚೀಲದಲ್ಲಿ ಕಟ್ಟಿ ಬಿಟ್ಟು ಬಂದರೆ ನಾಳೆ ಬರುವ ಸೀನು ತಪ್ಪಲ್ಲ.

ಈ ಗೋಣಿಚೀಲದ ಪದ್ಧತಿ ನಮ್ಮ ಕಡೆ ಮಾಮೂಲಿ ಅನ್ನೋ ಹಾಗೆ ಆಗಿದೆ. ಮನೆಯ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಎಲ್ಲೋ ಬಿಟ್ಟು ಬರೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಯಾರೂ ಕೇಸ್ ಹಾಕಲ್ಲ ಅನ್ನೋದು ಬೇರೆ ಮಾತು.

ಹಾಗಾದರೆ ಏನು ಮಾಡೋದು? ಮೊದಲು, ತಪ್ಪು ಬೆಕ್ಕಿನದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಲಾಗ್ ನೋಡದೆ ಬಗ್ ಫಿಕ್ಸ್ ಮಾಡಲು ಹೊರಡುವವರು ನಮ್ಮ ವೃತ್ತಿಯಲ್ಲೂ ಬೇಕಾದಷ್ಟಿದ್ದಾರೆ. ಗೌರಿ ಹಬ್ಬ ಬರೋದು ಮಳೆಗಾಲದಲ್ಲಿ. ಆಗ ರಸ್ತೆ ಬದಿ, ಬೀಳು ಹೊಲದ ತುಂಬ ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ, ಬಿಳಿ ಹೂ ಬಿಟ್ಟಿರುತ್ತೆ. 1950ರ ದಶಕದಲ್ಲಿ ಪುಣೆ ಬಳಿ ಕಂಡ ಗಿಡ ಈಗ ಇಲ್ಲದ ಊರಿಲ್ಲ. ಅದರ ಪರಾಗಕ್ಕೂ ಮೂಗು ಹೀಗೇ ಸುರಿಯುತ್ತೆ. ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದ ರಗ್ಗಿನಲ್ಲಿ ಧೂಳಿನ ನುಸಿ ಇರುತ್ತೆ. ಆಲೆಮನೆ ಹೊಗೆ ಇನ್ನೊಂದು ಕಡೆ. ಚರ್ಮದ ಮೇಲೆ ಹನಿ ಹಾಕಿ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಅಥವಾ ರಕ್ತ ಪರೀಕ್ಷೆ ಮಾಡಿಸಿದರೆ ಯಾವುದು ಅಂತ ಗೊತ್ತಾಗುತ್ತೆ. ಪ್ರಿಕ್ ಟೆಸ್ಟ್‌ಗೆ ಮುಂಚೆ ಸುಮಾರು ಒಂದು ವಾರ ಸಿಟ್ರಿಜಿನ್ ಥರದ ಮಾತ್ರೆ ನಿಲ್ಲಿಸಬೇಕಾಗುತ್ತೆ, ಡಾಕ್ಟರನ್ನು ಕೇಳಿ. ಬಿ.ಜಿ.ನಗರದಲ್ಲಿ, ಮಂಡ್ಯದಲ್ಲಿ, ಮೈಸೂರಲ್ಲಿ ಮೆಡಿಕಲ್ ಕಾಲೇಜುಗಳಿವೆ. ಟೆಸ್ಟ್ ಇದೆಯಾ ಅಂತ ಫೋನ್ ಮಾಡಿ ವಿಚಾರಿಸಿ ಹೋದರೆ ಒಂದು ರಜೆ ಉಳಿಯುತ್ತೆ.

ಬೆಕ್ಕೇ ಅಂತ ಆದ್ರೆ, ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು. ಒಂದು ರೂಮು ಕೊತ್ತಿಗೆ ಪೂರ್ತಿ ನಿಷೇಧ, ನಾನಿಲ್ಲದ ದಿನವೂ. ಅಲ್ಲಿ ಪರದೆ ಇಲ್ಲ, ನೆಲಕ್ಕೆ ಒದ್ದೆ ಬಟ್ಟೆ, ಒಣ ಪೊರಕೆ ಬೇಡ. ನನ್ನ ದುಪ್ಪಟಿ, ದಿಂಬಿನ ಕವರ್ ಬಿಸಿನೀರಲ್ಲಿ ಒಗೆದು ಟ್ರಂಕಿನಲ್ಲಿ ಮುಚ್ಚಿಟ್ಟಿರುತ್ತಾರೆ. ಮೈ ಸವರಿದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಲ್ಲ. ಕೊತ್ತಿಗೆ ಸ್ನಾನ ಮಾಡಿಸುವ ಸಾಹಸ ಬೇಡ, ಅದರ ಲಾಭ ಎರಡು ಮೂರು ದಿನಕ್ಕೇ ಮುಗಿಯುತ್ತೆ, ಪರಚಿದ ಗಾಯ ಮಾತ್ರ ಉಳಿಯುತ್ತೆ. ಗಂಡು ಬೆಕ್ಕಾದರೆ ಪಶು ವೈದ್ಯರ ಹತ್ತಿರ ಸಂತಾನಹರಣ ಮಾಡಿಸಿ, ಹಾಗೆ ಮಾಡಿಸಿದ ಗಂಡಿನಲ್ಲಿ ಫೆಲ್ ಡಿ 1 ಕಡಿಮೆಯಾಗುತ್ತೆ. ಫ್ಲ್ಯಾಟಿನವರು ಬೆಡ್‌ರೂಮಿಗೆ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇಡಬಹುದು. 2020ರಲ್ಲಿ ಅಮೆರಿಕದ ಮಾರುಕಟ್ಟೆಗೆ ಒಂದು ಬೆಕ್ಕಿನ ಆಹಾರವೂ ಬಂತು. ಕೋಳಿಮೊಟ್ಟೆಯಿಂದ ತೆಗೆದ ಪ್ರತಿಕಾಯ ಬೆಕ್ಕಿನ ಬಾಯಲ್ಲೇ ಫೆಲ್ ಡಿ 1 ಅನ್ನು ಹಿಡಿದು ಕೂರಿಸುತ್ತೆ, ಮೂರನೇ ವಾರದಿಂದ ಸರಾಸರಿ 47% ಕಡಿಮೆ ಅನ್ನೋದು ಕಂಪನಿಯದೇ ಅಧ್ಯಯನ. ಮೀನಿನ ಸಾರು ತಿಂದು ಬೆಳೆದ ನಮ್ಮ ಕೊತ್ತಿ ಅದನ್ನು ಮೂಸಿ ನೋಡುತ್ತಾ, ಅನುಮಾನ.

ಔಷಧಿ ವಿಷಯ ಡಾಕ್ಟರ್ ಹೇಳಬೇಕು. ಆದರೂ ಎರಡು ಮಾತು. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಪೂರ್ತಿ ಕೆಲಸ ಮಾಡಲು ಕೆಲವು ದಿನ ಬೇಕು, ಆದ್ದರಿಂದ ಊರಿಗೆ ಹೋಗುವ ಒಂದೆರಡು ವಾರ ಮುಂಚೆಯೇ ಶುರು ಮಾಡಬೇಕಾ ಅಂತ ಕೇಳಿ. ಅಮ್ಮನ ಡಬ್ಬಿಯಲ್ಲಿ ಸಿಗುವ ಅವಿಲ್ ನುಂಗಿ ಎಕ್ಸ್‌ಪ್ರೆಸ್‌ವೇನಲ್ಲಿ ಕಾರು ಓಡಿಸಬೇಡಿ, ಭಯಂಕರ ನಿದ್ದೆ ಬರುತ್ತೆ.

ಸೀನು, ಕಣ್ಣು ತುರಿಕೆ ಇಷ್ಟೇ ಆದ್ರೆ ಹೀಗೆ ಹೊಂದಿಕೊಂಡು ಬಾಳಬಹುದು. ಆದರೆ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು, ರಾತ್ರಿ ಮೂರು ಗಂಟೆಗೆ ಕೆಮ್ಮು, ಮೆಟ್ಟಿಲು ಹತ್ತಿದರೆ ಉಸಿರು ಸಿಗಲ್ಲ ಅಂತಾದ್ರೆ ಅದು ಮೂಗಿನ ಮಾತಲ್ಲ. ಅಸ್ತಮಾ ಇರಬಹುದು, ತಡಮಾಡದೆ ತೋರಿಸಬೇಕು. "ಇನ್‌ಹೇಲರ್ ಹಿಡಿದ್ರೆ ಸಾಯೋಗಂಟ ಬುಡಕ್ಕಾಗಲ್ಲ" ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರ್ತಾರೆ. ಇನ್‌ಹೇಲರ್ ಚಟವಾಗಲ್ಲ. ಬರೆದುಕೊಟ್ಟಿದ್ದನ್ನು ಅರ್ಧಕ್ಕೆ ನಿಲ್ಲಿಸೋದೇ ಅಪಾಯ. ಚಿಕಿತ್ಸೆ ತಗೊಂಡರೂ ಉಸಿರಾಟ ಹತೋಟಿಗೆ ಬರದಿದ್ದರೆ, ಬೆಕ್ಕನ್ನು ನೋಡಿಕೊಳ್ಳಲು ಒಪ್ಪುವ ನೆಂಟರ ಮನೆಗೆ ಕೊಡೋದು ತಪ್ಪಲ್ಲ. ನಾಲೆ ಆಚೆ ಬಿಡೋದು ಬೇರೆ, ದೊಡ್ಡಮ್ಮನ ಮನೆಗೆ ಕೊಡೋದು ಬೇರೆ.

ದೀರ್ಘಕಾಲದ ದಾರಿ ಅಂದ್ರೆ ಇಮ್ಯುನೋಥೆರಪಿ. ತೊಂದರೆ ಕೊಡುವ ವಸ್ತುವನ್ನೇ ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಟ್ಟು ದೇಹಕ್ಕೆ ಅಭ್ಯಾಸ ಮಾಡಿಸೋದು. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಅಲರ್ಜಿಗೆ ಇದನ್ನು ಪ್ರಯತ್ನಿಸಿದ್ದರು. ಈಗ ಮೂರರಿಂದ ಐದು ವರ್ಷದ ಕೋರ್ಸು, ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ. ನಾನಿನ್ನೂ ಶುರು ಮಾಡಿಲ್ಲ. ತಿಂಗಳಿಗೆ ಎರಡು ದಿನದ ಸೀನಿಗೆ ಐದು ವರ್ಷದ ಇಂಜೆಕ್ಷನ್ ಬೇಕಾ ಅಂತ ಯೋಚನೆ. ಅಮ್ಮನನ್ನು ನೋಡಲು ವಾರಕ್ಕೊಮ್ಮೆ ಹೋಗುವ ಹಾಗಾದರೆ ಲೆಕ್ಕ ಬೇರೆ ಆಗುತ್ತೆ. ಆ ಬಗ್ಗೆ ಮ್ಯಾನೇಜರ್ ಹತ್ತಿರ ಮಾತಾಡಿದ್ದೀನಿ, ಶುಕ್ರವಾರ ಮನೆಯಿಂದ ಕೆಲಸಕ್ಕೆ ಒಪ್ಪಿದ್ದಾರೆ.