ಉದ್ಯಾನದ ಹಬ್ಬಕ್ಕೆ ಮದ್ಯದ ಸನ್ನದು ಬೇಕೇ?

ಬಡಾವಣೆಯ ನಿವಾಸಿಗಳು ತಮ್ಮ ಉದ್ಯಾನದಲ್ಲಿ ಹೊಸ ವರ್ಷದ ಕೂಟವನ್ನೋ ಆಹಾರ ಮೇಳವನ್ನೋ ಏರ್ಪಡಿಸಿದರೆ ಅಲ್ಲಿ ಮದ್ಯ ಮಾರಾಟಕ್ಕೂ ಅನುಮತಿ ಕೊಡಬಹುದೇ? ಕೆಂಗೇರಿಯಂತಹ ಪ್ರದೇಶದಲ್ಲಿ ಇದು ಬಹುಕಾಲ ಬರಿಯ ಊಹೆಯ ಪ್ರಶ್ನೆಯಾಗಿ ಉಳಿಯಲಾರದು. 2007ರಲ್ಲಿ ಬಿಬಿಎಂಪಿಗೆ ಸೇರುವವರೆಗೆ ಇದು ಪುರಸಭೆಯ ಊರು. 2021ರ ಆಗಸ್ಟ್‌ನಲ್ಲಿ ಇಲ್ಲಿಗೆ ಮೆಟ್ರೊ ಬಂತು. ಊರಹಬ್ಬವನ್ನು ಕಂಡು ಬೆಳೆದವರೂ ಅಪಾರ್ಟ್‌ಮೆಂಟುಗಳಿಗೆ ಹೊಸದಾಗಿ ಬಂದವರೂ ಇಂದು ಅದೇ ಉದ್ಯಾನಗಳಲ್ಲಿ ನಡೆದಾಡುತ್ತಾರೆ. ಸಂಭ್ರಮದ ಬಗ್ಗೆ ಇವರ ಕಲ್ಪನೆಗಳು ಬೇರೆಬೇರೆಯಾಗಿರುವುದು ಸಹಜ.

ಮೊದಲು ಕಾನೂನನ್ನು ನೋಡೋಣ. 1968ರ ಅಬಕಾರಿ ನಿಯಮಗಳಲ್ಲಿ ವಿಶೇಷ ಸಂದರ್ಭಗಳಿಗಾಗಿ ಸಿ.ಎಲ್. 5 ಎಂಬ ತಾತ್ಕಾಲಿಕ ಸನ್ನದಿಗೆ ಅವಕಾಶವಿದೆ. ಇನ್ನೊಂದೆಡೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಕಲಮು ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವನ್ನು ನಿಷೇಧಿಸುತ್ತದೆ. ಶಾಲೆ, ದೇವಾಲಯ, ಆಸ್ಪತ್ರೆಗಳಿಂದ ಮದ್ಯದಂಗಡಿ 100 ಮೀಟರ್ ದೂರವಿರಬೇಕೆಂಬುದೂ ನಿಯಮವೇ. ಬೇರೆ ಉದ್ದೇಶಕ್ಕಾಗಿ ಜನ ಸೇರುವ ಜಾಗಕ್ಕೆ ಮದ್ಯ ಸಮೀಪಿಸಬಾರದು ಎಂಬುದೇ ಈ ನಿಯಮದ ಆಶಯ. ಮಕ್ಕಳು ಆಡುವ, ವೃದ್ಧರು ವಿಶ್ರಮಿಸುವ ಉದ್ಯಾನಕ್ಕೆ ಆ ಆಶಯ ಅನ್ವಯಿಸದು ಎನ್ನಲು ನನಗೆ ಕಾರಣ ಕಾಣುತ್ತಿಲ್ಲ.

ಅನುಮತಿಯ ಪರವಾದ ವಾದಗಳು ಹುರುಳಿಲ್ಲದವೇನಲ್ಲ. ಮದ್ಯಪಾನ ಅಪರಾಧವಲ್ಲ, ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಸಂಸ್ಥೆಯೇ ಮದ್ಯದ ಮಳಿಗೆಗಳನ್ನು ನಡೆಸುತ್ತಿದೆ. 2025–26ರ ಬಜೆಟ್ಟಿನಲ್ಲಿ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ಪಾನನಿರೋಧ ಸಂವಿಧಾನದ 47ನೇ ವಿಧಿಯಲ್ಲಿ ಆದರ್ಶವಾಗಿ ಉಳಿದಿದೆಯೇ ಹೊರತು ಆಡಳಿತದ ನೀತಿಯಾಗಿ ಅಲ್ಲ. ಸದಸ್ಯತ್ವಕ್ಕೆ ಹಣ ತೆರಬಲ್ಲವರು ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಕುಳಿತು ಕುಡಿಯಬಹುದಾದರೆ ಇತರರು ವರ್ಷಕ್ಕೊಂದು ಸಂಜೆ ಏಕೆ ಕುಡಿಯಬಾರದು ಎಂದು ಕೇಳುವವರಿದ್ದಾರೆ. ಕೊಡಗಿನ ಮದುವೆಗಳ ಉದಾಹರಣೆಯನ್ನೂ ಕೊಡುತ್ತಾರೆ.

ಆದರೆ ಕೊಡಗಿನ ಮದುವೆಯಲ್ಲಿ ನಡೆಯುವುದು ಆತಿಥ್ಯ, ಮಾರಾಟವಲ್ಲ. ಅಲ್ಲಿ ಕರೆದವರು ಯಾರು, ಬಂದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಅತಿಥಿ ಎಲ್ಲೆ ಮೀರಿದರೆ ಮನೆಯ ಹಿರಿಯರು ತಡೆಯುತ್ತಾರೆ. ಮಾರಾಟದ ಮಳಿಗೆಗೆ ಇಂತಹ ಕಟ್ಟುಪಾಡಿಲ್ಲ. ಹೆಚ್ಚು ಮಾರಿದಷ್ಟೂ ಅದಕ್ಕೆ ಲಾಭ.

ಸಮಾನತೆಯ ವಾದವೂ ತಿರುಗುಬಾಣವಾಗುತ್ತದೆ. 2007ರ ಜುಲೈ 1ರಿಂದ ಈ ರಾಜ್ಯ ಬಡವರ ಸಾರಾಯಿಯನ್ನು ನಿಷೇಧಿಸಿತು. ಅದೇ ಉದ್ಯಾನದ ಬೆಂಚಿನ ಮೇಲೆ ಕೂಲಿಕಾರನೊಬ್ಬ ಅಗ್ಗದ ಮದ್ಯ ಕುಡಿದರೆ ಪೊಲೀಸರು ಮೊಕದ್ದಮೆ ಹೂಡುತ್ತಾರೆ. ಪ್ರವೇಶಪತ್ರ ಕೊಂಡವನಿಗೆ ಆ ಬೆಂಚಿನ ಮೇಲೆಯೇ ಬಿಯರ್ ದೊರೆಯುವುದಾದರೆ ಕಾನೂನು ಕುಡಿತವನ್ನಲ್ಲ, ಕುಡಿಯುವವನ ಅಂತಸ್ತನ್ನು ಅಳೆದಂತಾಗುತ್ತದೆ.

ಇನ್ನು ಅರ್ಥಶಾಸ್ತ್ರದ ಪ್ರಶ್ನೆ. ಸನ್ನದು ಶುಲ್ಕ ರಾಜ್ಯದ ಬೊಕ್ಕಸಕ್ಕೆ, ಮಾರಾಟದ ಲಾಭ ಗುತ್ತಿಗೆದಾರನಿಗೆ. ಒಡೆದ ಬಾಟಲಿಗಳನ್ನು ಹೆಕ್ಕುವವರು ಪೌರಕಾರ್ಮಿಕರು. ಗದ್ದಲವನ್ನು ಸಹಿಸುವವರು ಸುತ್ತಲಿನ ಮನೆಯವರು. ಲಾಭ ಒಬ್ಬರಿಗೆ, ವೆಚ್ಚ ಇನ್ನೊಬ್ಬರಿಗೆ ಎಂಬ ಏರ್ಪಾಡಿನಲ್ಲಿ ಅನುಮತಿಗಳು ಅಗತ್ಯಕ್ಕಿಂತ ಹೆಚ್ಚಾಗಿಯೇ ಹೊರಡುತ್ತವೆ. ಮೇಲಾಗಿ ವರಮಾನದ ಗುರಿ ಮುಟ್ಟಬೇಕಾದ ಇಲಾಖೆಯೇ ನಿಯಂತ್ರಣದ ಹೊಣೆಯನ್ನೂ ಹೊತ್ತಿದೆ. ಆಡಳಿತದಲ್ಲಿ ದುಡಿದ ನನಗೆ ತಿಳಿದಂತೆ, ಈ ಎರಡು ಕರ್ತವ್ಯಗಳು ಎದುರುಬದುರಾದಾಗ ಗುರಿಯೇ ಗೆಲ್ಲುವುದು ಹೆಚ್ಚು.

ಉದ್ಯಾನ ಯಾರದು ಎಂಬುದನ್ನೂ ಮರೆಯಬಾರದು. 1976ರ ಬಿಡಿಎ ಕಾಯ್ದೆಯಂತೆ ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿಡಬೇಕು. ಆ ಬಯಲಿನ ಬೆಲೆ ನಿವೇಶನದ ದರದಲ್ಲಿಯೇ ಸೇರಿರುತ್ತದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿಕೆ ಮಾಡಿದಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ನಡುವಿನ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ಒಪ್ಪಲಿಲ್ಲ. ಒಂದು ಸಂಜೆಯ ಮದ್ಯದ ಮಳಿಗೆ ಶಾಶ್ವತ ಕಟ್ಟಡವಲ್ಲ, ನಿಜ. ಆದರೂ ಉದ್ಯಾನ ಎಲ್ಲರದು ಎಂಬ ತತ್ವ ಒಂದು ಸಂಜೆಗೂ ಅನ್ವಯಿಸುತ್ತದೆ. ಕುಡಿದವರ ನಡುವೆ ಮಗುವನ್ನು ಕರೆತರಲು ತಾಯಿ ಹಿಂಜರಿದರೆ ಆ ಸಂಜೆಯ ಮಟ್ಟಿಗೆ ಉದ್ಯಾನ ಅವಳದಲ್ಲ. ಸಮುದಾಯದ ಹೆಸರಿನ ಹಬ್ಬವೇ ಸಮುದಾಯದ ಒಂದು ಭಾಗವನ್ನು ಹೊರಗಿಟ್ಟಂತಾಯಿತು.

ಇಂಗ್ಲೆಂಡಿನ ಉದಾಹರಣೆ ಇಲ್ಲಿ ಉಪಯುಕ್ತ. 2003ರ ಸನ್ನದು ಕಾಯ್ದೆಯ ಪ್ರಕಾರ ಅಲ್ಲಿ ಇಂತಹ ಕೂಟಗಳಿಗೆ ಸ್ಥಳೀಯ ಸಂಸ್ಥೆಗೇ ಮುಂಚಿತವಾಗಿ ಸೂಚನೆ ಕೊಡಬೇಕು. ಒಂದು ಹೊತ್ತಿಗೆ 499ಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ. ಪೊಲೀಸರೂ ಪರಿಸರ ಆರೋಗ್ಯ ಅಧಿಕಾರಿಗಳೂ ಆಕ್ಷೇಪಿಸಬಹುದು. ಮದ್ಯವನ್ನು ಕೀಳಾಗಿ ಕಾಣದ ಸಮಾಜವೂ ನಿರ್ಧಾರವನ್ನು ತೊಂದರೆ ತಟ್ಟುವ ಊರಿನ ಕೈಗೇ ಕೊಟ್ಟಿದೆ. ನಮ್ಮಲ್ಲಿ ಸನ್ನದು ಅಬಕಾರಿ ಇಲಾಖೆಯದು, ಉದ್ಯಾನ ಪಾಲಿಕೆಯದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದರೂ ಈ ಒಡಕು ಹಾಗೆಯೇ ಇದೆ.

ಆದ್ದರಿಂದ ನನ್ನ ನಿಲುವು ಇಷ್ಟು. ಬಡಾವಣೆಯ ಉದ್ಯಾನಗಳಿಗೆ ತಾತ್ಕಾಲಿಕ ಸನ್ನದು ಸಲ್ಲದು ಎಂದು ಸರ್ಕಾರ ನಿಯಮದಲ್ಲಿಯೇ ಸ್ಪಷ್ಟಪಡಿಸಲಿ. ಅಧಿಕಾರಿಯ ವಿವೇಚನೆಗೆ ಬಿಟ್ಟರೆ ಪ್ರಭಾವಿಗಳಿಗೊಂದು, ಉಳಿದವರಿಗೊಂದು ನ್ಯಾಯವಾಗುತ್ತದೆ. ಬಾಡಿಗೆ ಸಭಾಂಗಣ, ಖಾಸಗಿ ಮೈದಾನಗಳಲ್ಲಿ ನಡೆಯುವ ಕೂಟಗಳಿಗೆ ಸನ್ನದು ಕೊಡುವಾಗಲೂ ಪಾಲಿಕೆಯ ಒಪ್ಪಿಗೆ ಕಡ್ಡಾಯವಾಗಲಿ. ಸ್ವಚ್ಛತೆಗೆಂದು ಠೇವಣಿ ಪಡೆಯಲಿ. 21 ವರ್ಷದ ವಯೋಮಿತಿಯನ್ನು ಬಾಗಿಲಲ್ಲೇ ಪರಿಶೀಲಿಸಲಿ. ಮದ್ಯ ಬೇಕೆನ್ನುವವರಿಗೆ ಮೈಸೂರು ರಸ್ತೆಯುದ್ದಕ್ಕೂ ಜಾಗಗಳಿವೆ. ಬೇಡವೆನ್ನುವವರಿಗೆ ಕೆಂಗೇರಿಯಲ್ಲಿ ಉಳಿದಿರುವ ಬಯಲು ಈ ಉದ್ಯಾನಗಳಷ್ಟೇ.