ಅವಳ ತಲೆಯ ಮೇಲಿನ ಸೂರು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯಿಂದ ಎಷ್ಟೋ ಮನೆಗಳ ಗೋಳನ್ನು ಲೋಕವು ಮುಚ್ಚುತ್ತ ಬಂದಿದೆ. ಏಟು ತಿಂದು, ಅಪರಾತ್ರಿಯಲ್ಲಿ ಹೊಸಿಲಿನಾಚೆ ನೂಕಲ್ಪಟ್ಟವಳು ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದನ್ನು ಆ ಗಾದೆ ಹೇಳುವುದಿಲ್ಲ.

ವಿರಾಜಪೇಟೆಯ ಸುತ್ತಣ ಕಾಫಿ ತೋಟಗಳನ್ನೇ ನೋಡೋಣ. ಅಲ್ಲಿ ನೆಲೆಸಿ ದುಡಿಯುವ ಕುಟುಂಬಗಳಿಗೆ ಲೈನ್ ಮನೆಯೇ ಆಸರೆ. ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ದೊಡ್ಡ ತೋಟಗಳ ಮಾಲೀಕರ ಮೇಲೆ 1951ರ ತೋಟ ಕಾರ್ಮಿಕರ ಕಾಯಿದೆ ಹೊರಿಸಿತು. ಆದರೆ ಆ ಮನೆ ದುಡಿಮೆಗೆ ಅಂಟಿಕೊಂಡದ್ದು. ಗಂಡನ ಹೆಸರಿನಲ್ಲಿ ದೊರೆತ ಮನೆಯನ್ನು ಬಿಟ್ಟು ಹೊರಟವಳಿಗೆ ಸೂರಿನ ಜೊತೆಗೆ ಕೂಲಿಯೂ, ಮಕ್ಕಳ ಶಾಲೆಯೂ ತಪ್ಪುತ್ತವೆ. ಪೇಟೆಯಲ್ಲಿ ಬಾಡಿಗೆ ಮನೆ ಕೇಳಿದರೆ ಮುಂಗಡ ಹಣವಿಲ್ಲ. ತವರಿಗೆ ಹೋದರೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಮಾತು. ಕಡೆಗೆ ಅವಳು ಹೊಡೆಯುವ ಕೈಯ ಬಳಿಗೇ ಮರಳುತ್ತಾಳೆ. ಲೋಕ ಇದನ್ನು ರಾಜಿಯೆನ್ನುತ್ತದೆ, ನಾವು ನಿರುಪಾಯವೆನ್ನುತ್ತೇವೆ.

ಹೊಡೆದವನು ಮನೆಯೊಳಗೆ, ಹೊಡೆತ ತಿಂದವಳು ಬೀದಿಯಲ್ಲಿ: ಇದಾವ ನ್ಯಾಯ? ಈ ನ್ಯಾಯವನ್ನು ತಿದ್ದಲೆಂದೇ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಅದರ 17ನೆಯ ಪ್ರಕರಣದಂತೆ, ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ ಸಂಸಾರ ಹೂಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗುಂಟು. 19ನೆಯ ಪ್ರಕರಣದಂತೆ, ಹಿಂಸಿಸಿದ ಗಂಡನೇ ಹೊರಗೆ ಹೋಗಬೇಕೆಂದು ನ್ಯಾಯಾಲಯ ಆಜ್ಞಾಪಿಸಬಹುದು. ಇಲ್ಲವೆ ಅಂತಹದೇ ಬೇರೊಂದು ಮನೆಯನ್ನೋ ಅದರ ಬಾಡಿಗೆಯನ್ನೋ ಕೊಡಿಸಬಹುದು. ಅತ್ತೆ ಮಾವಂದಿರ ಹೆಸರಿನ ಮನೆಯೆಂಬ ಕಾರಣಮಾತ್ರದಿಂದ ಸೊಸೆಯ ಈ ಹಕ್ಕು ಇಲ್ಲವಾಗದೆಂದು ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರ್ 15ರಂದು ತೀರ್ಪಿತ್ತಿತು. ಆದರೂ ಇದು ಒಡೆತನವಲ್ಲ, ವಾಸದ ಹಕ್ಕು. ಮುಪ್ಪಿನವರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿ ನೋಡುತ್ತದೆ.

ಈ ಅರ್ಜಿ ಬರೆಸಲು ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ದೂರವಾಣಿ 181ಕ್ಕೆ ಕರೆ ಮಾಡಿದರೆ ನೆರವು ದೊರೆಯುತ್ತದೆ. ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯವುಂಟು. ಆದರೆ ಕೆಲವು ದಿನಗಳ ಆಶ್ರಯದಿಂದ ಬಾಳು ನೆಲೆಗೊಳ್ಳದು. ಅದಕ್ಕೆ ಸಮಾಜದ ಕೈ ಬೇಕು.

ಆದಕಾರಣ ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ತೋಟದ ಮಾಲೀಕರಾದವರು, ದಂಪತಿಗಳಿಬ್ಬರೂ ದುಡಿಯುವಲ್ಲಿ ಲೈನ್ ಮನೆಯನ್ನು ಹೆಂಡತಿಯ ಹೆಸರಿಗೂ ಬರೆಯಿಸಿರಿ. ಬಾಡಿಗೆಗೆ ಮನೆ ಕೊಡುವವರು, ಒಂಟಿ ತಾಯಿಯನ್ನು ‘ಯಜಮಾನರೆಲ್ಲಿ’ ಎಂದು ಕೇಳಿ ಹಿಂದಿರುಗಿಸದಿರಿ. ತಾಯ್ತಂದೆಗಳೇ, ಮಗಳು ಬಾಗಿಲು ತಟ್ಟಿದಾಗ ಮೊದಲು ಬಾಗಿಲು ತೆರೆಯಿರಿ, ವಿಚಾರಣೆ ಆಮೇಲಿರಲಿ. ಪಂಚಾಯಿತಿಗೆ ಕೂರುವ ಹಿರಿಯರೇ, ‘ಸಹಿಸಿಕೊಂಡು ಹೋಗಮ್ಮ’ ಎನ್ನುವ ಮುನ್ನ, ಈ ರಾತ್ರಿ ಅವಳೂ ಮಕ್ಕಳೂ ಎಲ್ಲಿ ನಿರ್ಭಯವಾಗಿ ಮಲಗುವರೆಂಬುದನ್ನು ತೀರ್ಮಾನಿಸಿರಿ.