ಮರವಾಗಿ ಬಗ್ಗೀತೆ?

ಗಾದೆಗಳನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ಆದರೆ ಯಾವ ಗಾದೆಯನ್ನು ಯಾರ ಮೇಲೆ ಪ್ರಯೋಗಿಸಬೇಕೆಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ‘ದೇಶ ಸುತ್ತು, ಕೋಶ ಓದು’ ಎಂಬುದು ಗಂಡಸಿಗೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬುದು ಹೆಂಗಸಿಗೆ. ನಲವತ್ತೈದು ದಾಟಿದ ಗಂಡಸು ಕಂಪನಿಯ ಖರ್ಚಿನಲ್ಲಿ ಎರಡು ವಾರ ತರಬೇತಿಗೆ ಹೊರಟರೆ, ‘ಪ್ರಮೋಷನ್ ಹತ್ತಿರ ಬಂತು ಅಂತ ಕಾಣುತ್ತೆ’ ಎಂದು ಬೀದಿಯವರು ಮೆಚ್ಚಿ ಮಾತಾಡಿಕೊಳ್ಳುತ್ತಾರೆ. ಅದೇ ವಯಸ್ಸಿನ ಹೆಂಗಸು ಒಂದು ವಾರದ ತರಬೇತಿಗೆ ಹೆಸರು ಕೊಟ್ಟರೆ ಎರಡು ಪ್ರಶ್ನೆಗಳು ಹುಟ್ಟುತ್ತವೆ. ‘ಈ ವಯಸ್ಸಿನಲ್ಲಿ ನಿಮಗ್ಯಾಕ್ರೀ ಓದು?’ ಎಂಬುದು ಒಂದು. ‘ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?’ ಎಂಬುದು ಇನ್ನೊಂದು. ನನ್ನ ತಕರಾರು ಇರುವುದು ಈ ಎರಡೂ ಪ್ರಶ್ನೆಗಳ ಮೇಲೆ.

ದುಡಿಮೆಯ ನಡುವೆ, ನಡುವಯಸ್ಸಿನಲ್ಲಿ, ಇನ್ನೂ ದೊಡ್ಡ ಜವಾಬ್ದಾರಿಗೆ ತಯಾರಾಗಲೆಂದು ಓದುವ ಓದಿಗೆ ಎಕ್ಸಿಕ್ಯೂಟಿವ್ ಎಜುಕೇಷನ್ ಎಂದು ಹೆಸರು. ಹೆಸರು ಕೇಳಿದ ಕೂಡಲೇ ನಮ್ಮಂಥವರ ಕಣ್ಣಮುಂದೆ ಕೋಟು, ಟೈ ಬರುತ್ತವೆ. ಆದರೆ ಅದು ಹುಟ್ಟಿದ್ದು ಠೀವಿಗಾಗಿ ಅಲ್ಲ, ಅವಸರದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ತಮ್ಮ ಮಾಮೂಲು ಕೆಲಸ ಬಿಟ್ಟು ಯುದ್ಧಸಾಮಗ್ರಿ ತಯಾರಿಕೆಗೆ ತಿರುಗಬೇಕಾಯಿತು. ಅವನ್ನು ನಡೆಸಬಲ್ಲವರು ಸಾಲದೆ ಹೋದರು. ಆಗ, 1943ರಲ್ಲಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲು ಅನುಭವಸ್ಥರನ್ನು ಮತ್ತೆ ತರಗತಿಯಲ್ಲಿ ಕೂರಿಸಿ 15 ವಾರಗಳ ತರಬೇತಿ ಶುರುಮಾಡಿತು. 1945ರಲ್ಲಿ ಅದೇ ‘ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ’ ಎಂದು ನೆಲೆನಿಂತಿತು; ಇಂದಿಗೂ ನಡೆಯುತ್ತಿದೆ. ಆ ತರಗತಿಯಲ್ಲಿ ಕುಳಿತವರ ತಲೆಯಲ್ಲೂ ಬಿಳಿಕೂದಲಿತ್ತು. ಅವರನ್ನು ಕಂಡು ಮರ ಬಗ್ಗೀತೆ ಎಂದು ಯಾರೂ ಕೇಳಲಿಲ್ಲ. ಬಗ್ಗಬೇಕಾದ ಅಗತ್ಯ ದೇಶಕ್ಕಿತ್ತು. ಅದೇ ಶಾಲೆಯ ಎರಡು ವರ್ಷದ ಎಂ.ಬಿ.ಎ. ತರಗತಿಗೆ ಮೊದಲ ವರ್ಷದಿಂದಲೇ ಹೆಂಗಸರು ಸೇರಲು ಸಾಧ್ಯವಾದದ್ದು 1963ರಲ್ಲಿ. ಸೇರಿದವರು ಎಂಟು ಜನ.

ನಮ್ಮ ದೇಶಕ್ಕೆ ಬಂದರೆ, 1961ರಲ್ಲಿ ಅಹಮದಾಬಾದಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಆರಂಭವಾದಾಗ ಹಾರ್ವರ್ಡ್ ಶಾಲೆಯೇ ಕೈಜೋಡಿಸಿತ್ತು. ಆ ಸಂಸ್ಥೆಗೆ ಮೊಟ್ಟಮೊದಲು ಬಂದ ಅಧ್ಯಾಪಕರು ಒಬ್ಬ ಹೆಂಗಸು, ಮನಃಶಾಸ್ತ್ರಜ್ಞೆ ಕಮಲಾ ಚೌಧರಿ. ವಿಕ್ರಂ ಸಾರಾಭಾಯಿಯವರ ಹೆಸರು ಎಲ್ಲರಿಗೂ ಗೊತ್ತು. ಈಕೆಯ ಹೆಸರನ್ನು ಮಕ್ಕಳಿಗೆ ಹೇಳಿಕೊಡುವ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತಿದೆ? ಬೆಂಗಳೂರಿನಲ್ಲಿ ಅಂಥದೇ ಸಂಸ್ಥೆ 1973ರಲ್ಲಿ ಬಂತು. ಇಂದು ಈ ಸಂಸ್ಥೆಗಳಲ್ಲಿ ಕೆಲಸದಲ್ಲಿರುವವರಿಗೆಂದೇ ಕೆಲವು ದಿನಗಳಿಂದ ಹಿಡಿದು ವರ್ಷದವರೆಗಿನ ಕೋರ್ಸುಗಳಿವೆ. ಶುಲ್ಕ ಹತ್ತಾರು ಸಾವಿರದಿಂದ ಹಲವು ಲಕ್ಷಗಳವರೆಗೆ. ಹೆಚ್ಚಿನವರ ಶುಲ್ಕ ಕಟ್ಟುವುದು ಅವರನ್ನು ಕಳಿಸಿದ ಕಂಪನಿ. ಅಂದಮೇಲೆ ಯಾರು ಓದಬೇಕೆಂದು ತೀರ್ಮಾನಿಸುವುದು ಓದುವವರಲ್ಲ, ಕಳಿಸುವವರು. ನನ್ನ ಸಹೋದ್ಯೋಗಿಯೊಬ್ಬರ ಮನೆಯ ಗೋಡೆಯಲ್ಲಿ ಅವರ ಯಜಮಾನರ ಅಂಥ ತರಬೇತಿಯ ಗ್ರೂಪ್ ಫೋಟೋ ಇದೆ. ಮೂವತ್ತಕ್ಕೂ ಹೆಚ್ಚು ಜನ ಸಾಲಾಗಿ ನಿಂತಿದ್ದಾರೆ. ಸೀರೆಗಳನ್ನು ಎಣಿಸಿದೆ, ಎರಡು.

ಆ ಓದಿನಿಂದ ಸಿಗುವುದೇನು ಎಂದು ಕೇಳಬಹುದು. ಸರ್ಟಿಫಿಕೇಟು ಎಂದು ಕೊಂಕಾಡುವವರಿದ್ದಾರೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದರೆ ಅದು ಗೋಡೆಯಲ್ಲೇ ಉಳಿಯುತ್ತದೆ ನಿಜ. ಓದಿದವನ ಜೊತೆ ಬರುವುದು ಬೇರೆ. ಮೊದಲನೆಯದು ಹಣದ ಭಾಷೆ. ಬ್ಯಾಲೆನ್ಸ್ ಶೀಟು, ಬಜೆಟ್ಟು, ಸವಕಳಿ, ಬಡ್ಡಿ ಇವುಗಳ ಅರ್ಥ ಗೊತ್ತಿದ್ದವನು ಸಭೆಯಲ್ಲಿ ಬಾಯಿ ತೆರೆಯುತ್ತಾನೆ; ಗೊತ್ತಿಲ್ಲದವನು ಸಹಿ ಹಾಕುತ್ತಾನೆ. ಎರಡನೆಯದು ತೀರ್ಮಾನದ ಅಭ್ಯಾಸ. ಹಾರ್ವರ್ಡಿನಿಂದ ಬಂದ ಪದ್ಧತಿಯಲ್ಲಿ ಉಪನ್ಯಾಸಕ್ಕಿಂತ ಮುಖ್ಯವಾದದ್ದು ‘ಕೇಸ್’. ನಿಜವಾಗಿ ನಡೆದ ಒಂದು ಬಿಕ್ಕಟ್ಟನ್ನು ಕಾಗದದ ಮೇಲೆ ಕೊಟ್ಟು, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುತ್ತಾರೆ. ಹಿಂದಿನ ಪುಟದಲ್ಲಿ ಉತ್ತರವಿರುವುದಿಲ್ಲ. ಅರ್ಧಂಬರ್ಧ ಮಾಹಿತಿಯಲ್ಲೇ ಒಂದು ನಿಲುವಿಗೆ ಬರಬೇಕು, ಹತ್ತು ಜನರೆದುರು ಅದನ್ನು ಸಮರ್ಥಿಸಬೇಕು, ಇನ್ನೊಬ್ಬರ ಮಾತು ಸರಿಯೆನಿಸಿದರೆ ಒಪ್ಪಬೇಕು. ಮೂರನೆಯದು ಪರಿಚಯ. ಎರಡು ವಾರ ಜೊತೆಗೆ ಉಂಡು, ವಾದ ಮಾಡಿದವರು ಹತ್ತು ವರ್ಷವಾದ ಮೇಲೂ ಒಂದು ಫೋನಿಗೆ ಸಿಗುತ್ತಾರೆ. ಗಂಡಸರಿಗೆ ಕ್ಲಬ್ಬಿದೆ, ಹೋಟೆಲಿನ ಮೂಲೆಯ ಮೇಜಿದೆ, ಬಸ್‌ಸ್ಟ್ಯಾಂಡಿನ ಕಟ್ಟೆಯಿದೆ. ಐದೂವರೆಯ ಬಸ್ಸಿಗೆ ಓಡುವ ಹೆಂಗಸಿಗೆ ತನ್ನ ಕಸುಬಿನ ಬಗ್ಗೆ ಸಮಾನರೊಡನೆ ಮಾತಾಡಲು ತರಗತಿಯಲ್ಲದೆ ಬೇರೆ ಜಾಗ ಯಾವುದಿದೆ?

ಇಷ್ಟು ಹೇಳಿದರೆ ಒಂದು ಸಿಹಿ ಉತ್ತರ ಬರುತ್ತದೆ. ‘ಅಯ್ಯೋ, ಮನೆ ನಡೆಸುವ ಹೆಣ್ಣಿಗೆ ಮ್ಯಾನೇಜ್‌ಮೆಂಟ್ ಹೇಳಿಕೊಡಬೇಕೇ? ಆಕೆಗಿಂತ ದೊಡ್ಡ ಮ್ಯಾನೇಜರು ಯಾರಿದ್ದಾರೆ?’ ಮಹಿಳಾ ದಿನಾಚರಣೆಯ ವೇದಿಕೆಯಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ನಾವೂ ತಟ್ಟುತ್ತೇವೆ. ಆದರೆ ಈ ಹೊಗಳಿಕೆಯ ಬಗ್ಗೆ ಎಚ್ಚರವಾಗಿರಿ. ಮನೆ ನಡೆಸುವುದು ಅಷ್ಟು ದೊಡ್ಡ ಮ್ಯಾನೇಜ್‌ಮೆಂಟ್ ಆಗಿದ್ದರೆ ಆ ಅನುಭವಕ್ಕೆ ಯಾವ ಕಚೇರಿಯಾದರೂ ಒಂದು ಇನ್‌ಕ್ರಿಮೆಂಟು ಕೊಟ್ಟದ್ದುಂಟೆ? ತಿಂಗಳ ಕೊನೆಯಲ್ಲಿ ಇದ್ದುದರಲ್ಲೇ ಸಾರು ಮಾಡುವ ಜಾಣ್ಮೆಯನ್ನು ನಾನು ಕಡಿಮೆಯೆಂದು ಹೇಳುತ್ತಿಲ್ಲ. ಆದರೆ ಇದ್ದುದರಲ್ಲೇ ಮಾಡುವುದನ್ನು ಕಲಿತವಳಿಗೆ ಹೆಚ್ಚು ಬೇಕೆಂದು ಕೇಳುವುದನ್ನೂ, ಕೇಳಿದ್ದಕ್ಕೆ ಲೆಕ್ಕ ಒಪ್ಪಿಸುವುದನ್ನೂ ಯಾರಾದರೂ ಕಲಿಸಲೇಬೇಕು. ಹೊಗಳಿಕೆ ಕೊಟ್ಟು ತರಬೇತಿ ಉಳಿಸಿಕೊಳ್ಳುವುದು ತೀರಾ ಅಗ್ಗದ ವ್ಯಾಪಾರ.

ನನ್ನ ಕಸುಬಿನ ಮಾತನ್ನೇ ಹೇಳುತ್ತೇನೆ. ಬಿ.ಎ. ಓದಿದೆ, ಬಿ.ಇಡಿ. ಮಾಡಿದೆ. ಬಿ.ಇಡಿ.ನಲ್ಲಿ ಪಾಠಯೋಜನೆ ಬರೆಯಲು, ಕಪ್ಪುಹಲಗೆ ಬಳಸಲು, ಮಕ್ಕಳ ಮನಸ್ಸು ತಿಳಿಯಲು ಕಲಿಸಿದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೆ ಒಂದು ಬೆಳಿಗ್ಗೆ ಪ್ರಭಾರ ಮುಖ್ಯೋಪಾಧ್ಯಾಯಿನಿ ಎಂದರು. ಸಿಕ್ಕಿದ್ದು ಒಂದು ಗೊಂಚಲು ಬೀಗದಕೈ, ಮೂರು ಬ್ಯಾಂಕಿನ ಪಾಸ್‌ಬುಕ್ಕು, ಕ್ಯಾಷ್‌ಬುಕ್ಕು, ಬಿಸಿಯೂಟದ ದಾಸ್ತಾನು ವಹಿ. ಅದುವರೆಗೆ ಜೊತೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಹನ್ನೆರಡು ಜನರಿಗೆ ಮರುದಿನದಿಂದ ರಜೆ ಮಂಜೂರು ಮಾಡುವವಳು ನಾನು. ಶಾಲಾಭಿವೃದ್ಧಿ ಸಮಿತಿಯ ಸಭೆ ನಡೆಸುವವಳು ನಾನು. ಆಡಿಟಿನವರಿಗೆ ಉತ್ತರಿಸುವವಳೂ ನಾನೇ. ಇದಕ್ಕೆಲ್ಲ ಕೊಟ್ಟ ತರಬೇತಿ ಒಂದು ಗಂಟೆಯದೂ ಅಲ್ಲ. ‘ಗುಮಾಸ್ತರನ್ನು ಕೇಳಿಕೊಳ್ಳಿ’ ಎಂದರು. ಗುಮಾಸ್ತರ ಹುದ್ದೆ ಖಾಲಿಯಿತ್ತು.

ಶಾಲೆಯ ಆಡಳಿತದ ಬಗ್ಗೆ ಹತ್ತು ದಿನದ ತರಬೇತಿ ಸಿಕ್ಕಿದ್ದು ಆಮೇಲೆ, ಎರಡು ವರ್ಷ ಕಳೆದ ಮೇಲೆ. ಈಜು ಬಂದ ಮೇಲೆ ಬುರುಡೆ ಕಟ್ಟಿದ ಹಾಗೆ. ಆದರೂ ಅದು ಕೊಟ್ಟದ್ದನ್ನು ಇಂದಿಗೂ ಅನುಭವಿಸುತ್ತಿದ್ದೇನೆ. ಅಲ್ಲಿ ಒಂದು ದಿನ ನಮಗೊಂದು ಸಮಸ್ಯೆ ಕೊಟ್ಟರು: ಒಬ್ಬ ಒಳ್ಳೆಯ ಶಿಕ್ಷಕರು ದಿನವೂ ತಡವಾಗಿ ಬರುತ್ತಾರೆ, ಏನು ಮಾಡುತ್ತೀರಿ? ನಲವತ್ತು ಮುಖ್ಯೋಪಾಧ್ಯಾಯರು ಮಧ್ಯಾಹ್ನದವರೆಗೆ ವಾದ ಮಾಡಿದೆವು. ಮೆಮೊ ಕೊಡುವ ಮೊದಲು ಕೂರಿಸಿ ಮಾತಾಡುವುದು, ಮಾತಾಡಿದ್ದನ್ನು ಬರೆದಿಡುವುದು, ಎರಡನ್ನೂ ಕೋಪವಿಲ್ಲದೆ ಮಾಡುವುದು ಹೇಗೆಂದು ಅಲ್ಲಿ ತಿಳಿಯಿತು. ಇದು ಶಾಲೆಗಷ್ಟೇ ಉಪಯೋಗವಾಯಿತೆ? ಮನೆಯ ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರ ನಡುವೆ ಕುಳಿತು ಕಾಗದ ಪೂರ್ತಿ ಓದಿ, ‘ಈ ಸಾಲು ಅರ್ಥವಾಗಲಿಲ್ಲ, ಬಿಡಿಸಿ ಹೇಳಿ’ ಎನ್ನುವ ಧೈರ್ಯ ಬಂದದ್ದು ಆ ಹತ್ತು ದಿನದಿಂದಲೇ. ಯಜಮಾನರು ಆಸ್ಪತ್ರೆಯಲ್ಲಿದ್ದಾಗ ವಿಮೆಯ ಫಾರಂ ಹಿಡಿದು ನಾಲ್ಕು ಕೌಂಟರು ಅಲೆದರೂ ದನಿ ನಡುಗದೆ ಇದ್ದದ್ದೂ ಅದರಿಂದಲೇ. ನಡುವಯಸ್ಸಿನ ಓದಿನ ಲಾಭ ಮರುದಿನವೇ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಅದು ತೆಂಗಿನ ಸಸಿಯ ಹಾಗೆ, ಫಲಕ್ಕೆ ವರ್ಷಗಳು ಬೇಕು. ಕೊಡಲು ಶುರುಮಾಡಿದರೆ ನಿಲ್ಲಿಸುವುದಿಲ್ಲ.

ನನ್ನ ಗೆಳತಿಯೊಬ್ಬಳು ಬ್ಯಾಂಕಿನಲ್ಲಿದ್ದಾಳೆ. ಮೂರು ಸಲ ಪ್ರಮೋಷನ್ ಬೇಡವೆಂದು ಬರೆದುಕೊಟ್ಟಳು. ವರ್ಗದ ಭಯ ಒಂದು. ‘ಬ್ರಾಂಚು ನಡೆಸಲು ನನ್ನ ಕೈಲಾಗುತ್ತದೆಯೇ’ ಎಂಬ ಭಯ ಇನ್ನೊಂದು. ಅವಳ ಜೊತೆ ಸೇರಿದ ಗಂಡಸರು ಒಬ್ಬೊಬ್ಬರಾಗಿ ತರಬೇತಿಗೆ ಹೋಗಿ ಬಂದು ಆ ಎರಡನೆಯ ಭಯ ಕಳೆದುಕೊಂಡರು. ಇವಳನ್ನು ಯಾರೂ ಕಳಿಸಲಿಲ್ಲ, ಏಕೆಂದರೆ ಇವಳು ಹೇಗೂ ಪ್ರಮೋಷನ್ ಬೇಡವೆನ್ನುವವಳು! ಹೀಗೆ ತಿರುಗುವ ಗಾಣದಿಂದ ಕೊನೆಗೆ ಹೊರಬರುವ ಹಿಂಡಿ ಎಂದರೆ, ‘ಯೋಗ್ಯ ಮಹಿಳೆಯರೇ ಸಿಗುವುದಿಲ್ಲ’ ಎಂಬ ಮಾತು. 2013ರ ಕಂಪನಿ ಕಾಯಿದೆ ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದಾಗ ಇದೇ ರಾಗ ಕೇಳಿಬಂತು. ಎಷ್ಟೋ ಕಂಪನಿಗಳು ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕುರ್ಚಿಯಲ್ಲಿ ಕೂರಿಸಿ ಕೈತೊಳೆದುಕೊಂಡವು. ಇಪ್ಪತ್ತು ವರ್ಷದ ಹಿಂದೆಯೇ ತಮ್ಮ ಹೆಣ್ಣು ಅಧಿಕಾರಿಗಳನ್ನು ಓದಿಗೆ ಕಳಿಸಿದ್ದರೆ ಹುಡುಕುವ ಪ್ರಮೇಯ ಬರುತ್ತಿತ್ತೆ?

ಹಾಗೆಂದು ನಮ್ಮ ನಾಡಿನಲ್ಲಿ ಒಳ್ಳೆಯ ಮಾದರಿಗಳಿಲ್ಲವೆಂದಲ್ಲ. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಆಗಿನ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ಸ್ವಂತ ಉದ್ಯೋಗ ಮಾಡುವವರಿಗೆ ಊಟ ವಸತಿ ಕೊಟ್ಟು, ಶುಲ್ಕವಿಲ್ಲದೆ, ಕಸುಬಿನ ಜೊತೆಗೆ ಲೆಕ್ಕ, ಮಾರಾಟ, ಸಾಲದ ವ್ಯವಹಾರ ಕಲಿಸಿದರು. ಅದೇ ಮಾದರಿ ಮುಂದೆ ದೇಶದ ಜಿಲ್ಲೆಗಳಿಗೆ ಹಬ್ಬಿತು. ಪಂಚಾಯಿತಿಗೆ ಗೆದ್ದು ಬಂದ ಹೆಂಗಸರಿಗೆ ಮೈಸೂರಿನ ಅಬ್ದುಲ್ ನಜೀರ್‌ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ತರಬೇತಿ ಕೊಡುತ್ತಿದೆ. 2010ರಲ್ಲಿ ನಮ್ಮ ರಾಜ್ಯ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. ಕನ್ನಡದಲ್ಲಿ, ಹತ್ತಿರದಲ್ಲಿ, ಕೈಗೆಟಕುವಂತೆ ಕಲಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಇಂಥದು ಹೆಸರಿಲ್ಲದ ಎಕ್ಸಿಕ್ಯೂಟಿವ್ ಎಜುಕೇಷನ್ನೇ, ಟೈ ಒಂದಿಲ್ಲ ಅಷ್ಟೆ.

ಇನ್ನು ಸರ್ಟಿಫಿಕೇಟಿನ ಅಂಗಡಿಗಳ ಮಾತು. ಫೋನು ತೆರೆದರೆ ‘ಆರು ವಾರದಲ್ಲಿ ನಾಯಕಿಯಾಗಿ’ ಎಂಬ ಜಾಹೀರಾತು. ಕಂತಿನಲ್ಲಿ ಹಣ ಕಟ್ಟಿ ಎನ್ನುತ್ತಾರೆ. ನಾನು ಹೇಳುತ್ತಿರುವುದು ಅದಕ್ಕೆ ದುಡ್ಡು ಸುರಿಯಿರಿ ಎಂದಲ್ಲ. ಯಾರು ಕಲಿಸುತ್ತಾರೆ, ಯಾರು ಮಾನ್ಯತೆ ಕೊಟ್ಟಿದ್ದಾರೆ, ಮೊದಲು ಓದಿದವರು ಏನೆನ್ನುತ್ತಾರೆ ಎಂದು ವಿಚಾರಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಸ್ವಯಂ’ನಲ್ಲಿ ಬೆಂಗಳೂರಿನ ಐ.ಐ.ಎಂ. ಅಧ್ಯಾಪಕರ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪರೀಕ್ಷೆ ಬರೆದು ಸರ್ಟಿಫಿಕೇಟು ಬೇಕೆಂದರೆ ಮಾತ್ರ ಶುಲ್ಕ. ತೊಡಕಿರುವುದು ಅವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ ಎಂಬುದರಲ್ಲಿ. ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವ ನಮಗಿದೆ.

ನಾವು ಕೇಳಬೇಕಾದದ್ದು ಬಹಳವೇನಲ್ಲ. ಹುದ್ದೆ ಕೊಟ್ಟು ಎರಡು ವರ್ಷವಾದ ಮೇಲಲ್ಲ, ಹುದ್ದೆಗೆ ಮೊದಲೇ ತರಬೇತಿ ಕೊಡಿ. ದೂರದ ರಾಜಧಾನಿಯಲ್ಲಿ ಅಲ್ಲ, ಜಿಲ್ಲಾ ಕೇಂದ್ರದಲ್ಲಿ ಕೊಡಿ. ಆ ದಿನಗಳನ್ನು ಕೆಲಸದ ದಿನಗಳೆಂದೇ ಲೆಕ್ಕಹಾಕಿ, ನಮ್ಮ ರಜೆಗೆ ಕೈಹಾಕಬೇಡಿ. ಚಿಕ್ಕಮಕ್ಕಳ ತಾಯಂದಿರಿಗೆ ಮಗುವನ್ನು ಬಿಡಲು ಒಂದು ಕೋಣೆ ಕೊಡಿ. ಯಾರನ್ನು ಕಳಿಸಿದಿರಿ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಗೋಡೆಗೆ ಅಂಟಿಸಿ, ಸೀರೆಗಳನ್ನು ನಾವೇ ಎಣಿಸಿಕೊಳ್ಳುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರಿಗೂ ಮುಖ್ಯಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿ ಇರಬೇಕೆಂದಿದೆ. ಮುಖ್ಯಶಿಕ್ಷಕರಿಗೆ ಅದರಲ್ಲಿ ಆಡಳಿತದ ಪಾಠವೂ ಸೇರಬೇಕೆಂದಿದೆ. ಕಾಗದದ ಮೇಲಿನ ಆ 50 ಗಂಟೆ ನಮ್ಮ ಊರಿಗೆ ಬರುವಾಗ ಎಷ್ಟಾಗಿರುತ್ತದೆ ಎಂದು ಕೇಳುತ್ತಲೇ ಇರೋಣ.

ಈ ವಯಸ್ಸಿನಲ್ಲಿ ಯಾಕೆ ಎನ್ನುವವರಿಗೆ ನನ್ನ ಲೆಕ್ಕ ಇಷ್ಟೆ. ನಮ್ಮ ಸರ್ಕಾರಿ ನೌಕರಿಯ ನಿವೃತ್ತಿ ಅರವತ್ತಕ್ಕೆ. ಐವತ್ತರ ಹೆಂಗಸಿಗೆ ಇನ್ನೂ ಹತ್ತು ವರ್ಷದ ಸೇವೆ ಇದೆ, ಆಮೇಲೆ ತನ್ನ ಹಣ, ತನ್ನ ಆರೋಗ್ಯ, ತನ್ನ ಮನೆ ತಾನೇ ನೋಡಿಕೊಳ್ಳಬೇಕಾದ ಎಷ್ಟೋ ವರ್ಷಗಳಿವೆ. ಅಷ್ಟು ದೂರ ನಡೆಯಬೇಕಾದವಳಿಗೆ ಒಂದು ವಾರದ ಬುತ್ತಿ ಹೆಚ್ಚಾಯಿತೆ? ಬಗ್ಗುವುದಕ್ಕೆಂದು ನಾವು ಓದುತ್ತಿಲ್ಲ. ಬಗ್ಗಿ ಬಗ್ಗಿ ಸಾಕಾಗಿದೆ. ಮುಂದಿನ ಸಲ ನಿಮ್ಮ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ತರಬೇತಿಯ ಸುತ್ತೋಲೆ ಕಂಡರೆ, ಯಾರಾದರೂ ಹೆಸರು ಸೂಚಿಸಲಿ ಎಂದು ಕಾಯಬೇಡಿ. ನಿಮ್ಮ ಹೆಸರನ್ನು ನೀವೇ ಬರೆದುಕೊಡಿ, ಕೊಟ್ಟದ್ದಕ್ಕೆ ಒಂದು ಪ್ರತಿ ಇಟ್ಟುಕೊಳ್ಳಿ. ಅಡುಗೆ ಯಾರು ಮಾಡ್ತಾರೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಆ ಒಂದು ವಾರ ಮನೆಯವರಿಗಿರಲಿ. ಅವರೂ ಏನಾದರೂ ಕಲಿಯಲಿ.